ಉಜೇಶನ ನಾಲಿಗೆ

"ಥೂ!"

ಸುಮೇಧಾ ಉಗಿದದ್ದು ಸೀದಾ ಉಜೇಶನ ಷೂ ಮೇಲೆ ಬಿತ್ತು.

ಭಕ್ತಪುರದ ಕುಂಬಾರರ ಚೌಕದಲ್ಲಿ ಸೇರಿದ್ದ ಹುಡುಗರೆಲ್ಲ ಹಿಂದೆ ಸರಿದರು. ನೇಪಾಳಿಯಲ್ಲಿ ರ‍್ಯಾಪ್ ಹಾಡುತ್ತೇವೆಂದರೆ ಊರೇ ಮೂಗು ಮುರಿಯುತ್ತಿದ್ದ ದಿನಗಳವು. ಟೇಪ್ ರೆಕಾರ್ಡರಿನ ತಾಳಕ್ಕೆ ಇಬ್ಬಿಬ್ಬರು ಎದುರು ನಿಂತು, ಪ್ರಾಸ ಕಟ್ಟಿ ಬೈದಾಡುವ ಪಂದ್ಯ. ಉಜೇಶನ ಎದುರಾಳಿ ಸುಮೇಧಾಳ ತಮ್ಮ ರೊಜಿನ್. ದೊಗಳೆ ಬಿಳಿ ಅಂಗಿ, ಬಿಳಿ ಟೋಪಿ, ಬಿಳಿ ಬಟ್ಟೆಯ ಷೂ.

ಉಜೇಶ್ ಆಗಷ್ಟೇ ಹಾಡಿದ್ದ:

"ಅಡಿಯಿಂದ ಮುಡಿತನಕ ಬಿಳಿಯೋ ಬಿಳಿ,
ಯಾವ ಹೆಣದ ಮೇಲಿಂದೆಳೆದೆ, ಹೇಳೋ ಗಿಳಿ!"

ತಮ್ಮನನ್ನು ಮನೆಗೆ ಎಳೆದೊಯ್ಯಲು ಬಂದವಳು ಅದನ್ನು ಕೇಳಿಯೇ ಉಗಿದಿದ್ದಳು.

"ನಮ್ಮಪ್ಪ ತೀರಿ ಎರಡು ತಿಂಗಳಾಯ್ತು ಕಣೋ! ಅದು ಬರಖಿ ಬಟ್ಟೆ, ಸಾವಿನ ಸೂತಕಕ್ಕೆ ಮಗ ವರ್ಷವಿಡೀ ಉಡಬೇಕಾದ್ದು. ನಿನ್ನ ಬಾಯಿಗೆ ಹುಳ ಬೀಳ!"

ಉಜೇಶನ ಮುಖ ಬಾಡಿತು. "ಅಮೆರಿಕದವರ ಸ್ಟೈಲು ಅಂದ್ಕೊಂಡೆ... ಕ್ಯಾಸೆಟ್ ಮೇಲಿನ ಚಿತ್ರದಲ್ಲಿ ಅವರೂ ಹೀಗೇ..."

"ತಪ್ಪು ನಂದು ದೀದಿ," ಎಂದ ರೊಜಿನ್. "ಹೇಳಿದ್ರೆ ಆಡೋಕೆ ಬಿಡ್ತಿರಲಿಲ್ಲ. ಅದಕ್ಕೇ ಮುಚ್ಚಿಟ್ಟೆ."

"ಇಬ್ಬರೂ ಒಂದೇ ಚರಂಡಿ ನೀರು!"

ಸತ್ತವರನ್ನು ಆಡಿಕೊಂಡ ಮಾತು ಬೇಗ ಆರುವುದಿಲ್ಲ. ಬೀದಿಯಲ್ಲಿ ರ‍್ಯಾಪ್ ಕೇಳಿದರೆ ಸಾಕು, ಅವಳು ಥೂ ಎಂದು ಕಿಟಕಿ ಮುಚ್ಚುತ್ತಿದ್ದಳು. ಉಜೇಶ್ ದಿನವೂ ಅವಳಪ್ಪ ಮಡಕೆ ಸುಡುತ್ತಿದ್ದ ಆವಿಗೆಯ ಬಳಿ ಬಂದು ತಲೆತಗ್ಗಿಸಿ ನಿಲ್ಲುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಒಂದು ದಿನ ಅವನು ಬರಲಿಲ್ಲ. ತನ್ನ ಕಣ್ಣು ಅವನನ್ನು ಹುಡುಕಿತಲ್ಲ... ಛೀ! ತನ್ನ ಮೇಲೇ ಅಸಹ್ಯವಾಯಿತು.

ಎರಡು ತಿಂಗಳಿಗೆ, ಆ ವರ್ಷ ಸತ್ತವರನ್ನು ನೆನೆಯುವ ಹಬ್ಬ, ಗಾಯಿ ಜಾತ್ರೆ ಬಂತು. ತೀರಿಹೋದವರ ಚಿತ್ರ ಕಟ್ಟಿದ ಬಿದಿರ ಚೌಕಟ್ಟನ್ನು ಹೊತ್ತು ಊರು ಸುತ್ತಿಸಬೇಕು. ಹಾಗೆ ಮಾಡಿದರೆ ಜೀವಕ್ಕೆ ಮೇಲಣ ದಾರಿ ತೆರೆಯುತ್ತದೆ. ಅಪ್ಪನ ಚೌಕಟ್ಟಿಗೆ ಹೆಗಲು ಕೊಡಬೇಕಾದ ನಾಲ್ವರಲ್ಲಿ ಒಬ್ಬ ಜ್ವರದಿಂದ ಮಲಗಿದ್ದ.

"ನಾನು ಕೊಡಲಾ?" ಉಜೇಶ್ ಬರಿಗಾಲಲ್ಲಿ ನಿಂತಿದ್ದ.

"ನಿನ್ನ ಹೆಗಲು ಕಂಡ್ರೂ ಹೇಸಿಗೆ!"

"ದೀದಿ," ರೊಜಿನ್ ಮೆಲ್ಲಗೆಂದ, "ಅಪ್ಪ ಎಷ್ಟು ಹೊತ್ತು ಕಾಯ್ಬೇಕು?"

ಅವಳು ತುಟಿ ಕಚ್ಚಿ ದಾರಿ ಬಿಟ್ಟಳು.

ಮೆರವಣಿಗೆಯಲ್ಲಿ ಕುಣಿಯುವವರ ಕೋಲುಗಳು ತಾಳಕ್ಕೆ ತಾಕತೊಡಗಿದವು. ಜಾತ್ರೆಯ ವಾಡಿಕೆಯಂತೆ ಅಂದು ಯಾರನ್ನು ಬೇಕಾದರೂ ಗೇಲಿ ಮಾಡಬಹುದು. "ಹಾಡೋ ಉಜೇಶ್!" ಎಂದು ಗೆಳೆಯರು ಕೂಗಿದರು. ಸುಮೇಧಾ ಚೌಕಟ್ಟಿನ ಬಿದಿರು ಹಿಡಿದಳು... ಇವತ್ತೂ ಅಪ್ಪನನ್ನು ಕೊಳಕು ಮಾಡಿಬಿಟ್ಟರೆ?

ಅವನು ಕೋಲಿನ ತಾಳಕ್ಕೇ ರ‍್ಯಾಪ್ ಹಿಡಿದ:

"ಕುಂಬಾರಪ್ಪ, ನೀ ಸುಟ್ಟ ಮಡಕೆಯೆಲ್ಲ ಗಟ್ಟಿ,
ಹಸಿಮಣ್ಣು ನನ್ನ ತಲೆ, ನೋಡು ತಟ್ಟಿ!
ನೋಡದೆ ನುಡಿದ ಬಾಯಿ ಬಾಯಲ್ಲ, ತಿಪ್ಪೆ;
ನಿನ್ನ ಮಗಳು ಅದಕ್ಕೆ ಉಗಿದದ್ದು ತಪ್ಪೇ?"

ಬೀದಿಯೇ ನಕ್ಕಿತು. ಅಪ್ಪ ಹೋದಮೇಲೆ ಮೊದಲ ಬಾರಿ ಸುಮೇಧಾಳಿಗೂ ನಗು ಬಂತು, ಹಿಂದೆಯೇ ಅಳು.

ಮೆರವಣಿಗೆ ಮುಗಿದಾಗ ಅವನ ಹೆಗಲು ತರಚಿತ್ತು.

"ಇನ್ನೂ ಹೇಸಿಗೆನಾ?"

"ನಿನ್ನ ಹಾಡಿನ ಮೇಲೆ ಇದೆ."

"ನನ್ನ ಮೇಲೆ?"

ಅವಳು ಅವನ ತರಚಿದ ಹೆಗಲನ್ನೇ ನೋಡಿದಳು.

"ನಾಳೆ ಮನೆಗೆ ಬರಲಾ?"

"ಬೇಡ! ಬರಖಿ ಮನೇಲಿ ಮದುವೆ ಮಾತು ಆಡಬಾರದು."

"ಮದುವೆ ಅಂತ ನಾನೆಲ್ಲಿ ಅಂದೆ?"

ಅವಳ ಮುಖ ಕೆಂಪಾಯಿತು. ಓಡಲು ಹೊರಟವಳನ್ನು ಅವನ ಮಾತು ತಡೆಯಿತು.

"ಬರಖಿ ಮುಗಿಯೋಕೆ ಇನ್ನು ಎಂಟು ತಿಂಗಳು ತಾನೇ? ಅಷ್ಟರಲ್ಲಿ ಬಾಯಿ ತೊಳ್ಕೊಂಡು ಬರ್ತೀನಿ."

"ಚೆನ್ನಾಗಿ ತೊಳ್ಕೋ..." ಅವಳು ತಿರುಗದೆಯೇ ಅಂದಳು. "ಕಾದಿರ್ತೀನಿ."