ಹದಿನೆಂಟು ಲೀಟರ್ ಕಡಿಮೆ

ಅಳತೆಗಾರ ಫಿನ್ಲೇ ಚೀಟಿಯನ್ನು ಪೀಪಾಯಿಗೆ ಅಂಟಿಸಿ, ಮುಖ ತೋರಿಸದೆ ಹೊರಟುಹೋಗಿದ್ದ. ಇಶ್ಬೆಲ್ ಅದನ್ನು ಎರಡು ಸಲ ಓದಿದಳು. 'ಇನ್ನೂರ ಮೂವತ್ತೆರಡು ಲೀಟರ್. ಬ್ಯಾರಲ್ ಅಲ್ಲ, ಹಾಗ್ಸ್‌ಹೆಡ್ಡೂ ಅಲ್ಲ. ತೇರ್ಗಡೆ ಇಲ್ಲ.'

ನಾಲ್ಕು ವರ್ಷದ ಕಲಿಕೆಯ ಕೊನೆಯ ಪರೀಕ್ಷೆ ಅದು. ಅಮೆರಿಕದಿಂದ ಬಂದ ಇನ್ನೂರು ಲೀಟರಿನ ಬ್ಯಾರಲ್‌ಗಳನ್ನು ಬಿಚ್ಚಿ, ಹಲಗೆ ಕೂಡಿಸಿ, ಇನ್ನೂರೈವತ್ತು ಲೀಟರಿನ ಹಾಗ್ಸ್‌ಹೆಡ್ ಕಟ್ಟಬೇಕು. ಸಂಜೆ ಐದಕ್ಕೆ ಗಡುವು. ತಪ್ಪಿದರೆ ಇನ್ನೊಂದು ವರ್ಷ ಕಲಿಕೆಯವಳಾಗಿಯೇ ಇರಬೇಕು. ಸ್ಪೇ ನದಿಯ ದಡದ ಆ ವಿಸ್ಕಿ ಪೀಪಾಯಿ ಕಾರ್ಖಾನೆಯಲ್ಲಿ ಇವಳೊಬ್ಬಳೇ ಹೆಣ್ಣು. ಸೋಲುವುದನ್ನೇ ಕಾಯುತ್ತಿದ್ದವರು ಕಡಿಮೆಯೇನಿರಲಿಲ್ಲ.

ಅವಳಿಗೆ ಉರಿದದ್ದು ಅದಕ್ಕಲ್ಲ. ಎಂಟು ತಿಂಗಳ ಹಿಂದೆ ಅಳತೆಗಾರನಾಗಿ ಬಂದ ಫಿನ್ಲೇಗೆ ಕಣ್ಣಿಗೆ ಬಿದ್ದದ್ದೆಲ್ಲ ಬ್ಯಾರಲ್. ಅಂಗಳದಲ್ಲಿ ನಿಲ್ಲಿಸಿ ಪಾಠ ಹೇಳಿದವಳು ಇವಳೇ. ಕ್ಯಾಸ್ಕ್ ಎನ್ನುವುದು ಮನೆತನದ ಹೆಸರು. ಬ್ಯಾರಲ್, ಹಾಗ್ಸ್‌ಹೆಡ್, ಅದರ ಎರಡರಷ್ಟಿರುವ ಬಟ್ ಆ ಮನೆಯ ಮಕ್ಕಳು. ಕೆಗ್ ಅನ್ನೋ ಪುಟ್ಟ ಪೀಪಾಯಿ ಬಿಯರಿನವರ ಪಾಲಿನದು, ಅದನ್ನು ಇಲ್ಲಿ ಬಾಯಿಗೂ ತರಬೇಡ ಎಂದಿದ್ದಳು. ಅವನು ಪೀಪಾಯಿ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅಳೆಯುವ ಕೋಲು ಹಿಡಿದು, ಅಗತ್ಯಕ್ಕಿಂತ ಹೆಚ್ಚು ಸಲ ಅವಳ ಬಳಿ ಸುಳಿಯುತ್ತಿದ್ದ.

ಈಗ ಅದೇ ಪಾಠ ಇವಳ ಕತ್ತಿಗೇ ಬಂದಿತ್ತು.

ಅಳತೆ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿ ಒಳನುಗ್ಗಿದಳು. "ಒಂದು ಹನಿ ಸೋರುತ್ತಾ ಅದು?"

"ಇಲ್ಲ. ನಾನು ನೋಡಿದ್ರಲ್ಲಿ ಅಷ್ಟು ಬಿಗಿಯಾದ ಜೋಡಣೆ ಇನ್ನೊಂದಿಲ್ಲ."

"ಮತ್ತೆ?"

ಬಗ್ಗಿಸುವಾಗ ಎರಡು ಹಲಗೆ ಸೀಳಿದವು, ನಿಜ ತಾನೇ ಎಂದು ಅವನು ಕೇಳಿದ. ನಿಜವೇ ಆಗಿತ್ತು. ಸೀಳಿದ್ದನ್ನು ಎಸೆದು, ಹೊಸ ಹಲಗೆ ಹುಡುಕಿದರೆ ಹೊತ್ತು ಸಾಲದೆಂದು ಹೆದರಿ ಕಬ್ಬಿಣದ ಪಟ್ಟಿಯನ್ನು ಒಳಕ್ಕೆ ಬಿಗಿದು, ಮುಚ್ಚಳಗಳನ್ನೂ ಸಣ್ಣದಾಗಿ ಕೊಯ್ದಿದ್ದಳು. ಕಣ್ಣಿಗೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಬರೀ ಹದಿನೆಂಟು ಲೀಟರ್, ಫಿನ್ಲೇ. ನೀನು ಹಾಗ್ಸ್‌ಹೆಡ್ ಅಂತ ಬರೆದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

"ನಿಂದೇ ಹೋಗ್ತಿತ್ತು." ಅವನ ದನಿಯೂ ಏರಿತು. "ನಾನು ನಿನ್ನ ಹಿಂದೆ ಬಿದ್ದಿರೋದು ಇಡೀ ಕಾರ್ಖಾನೆಗೆ ಗೊತ್ತು. ನಿನಗೊಬ್ಬಳಿಗೆ ಗೊತ್ತಿಲ್ಲದ ಹಾಗೆ ಇರ್ತೀಯ. ಸುಳ್ಳು ಬರೆದಿದ್ರೆ, ಅವನು ಮರುಳಾಗಿ ಪಾಸ್ ಮಾಡ್ದ ಅಂತ ಸಾಯೋವರೆಗೂ ಅಂತಿದ್ರು. ಅದನ್ನ ನೀನು ಸಹಿಸ್ತಿದ್ಯಾ?"

ಕಿವಿಯವರೆಗೂ ಕೆಂಪಗಾಗಿದ್ದ. ಹೇಳಬಾರದ್ದನ್ನು ಹೇಳಿಬಿಟ್ಟವನಂತೆ ಕೋಲನ್ನು ಗೋಡೆಗೆ ಒರಗಿಸಲು ಹೋಗಿ ಬೀಳಿಸಿದ.

ಇಶ್ಬೆಲ್‌ಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಅವನ ಮಾತು ಸರಿಯಿತ್ತು. "ಇಂಥದ್ದನ್ನ ಹೇಳೋಕೆ ಇವತ್ತೇ ಆಗ್ಬೇಕಿತ್ತಾ ನಿನಗೆ?" ಎಂದು ಬಾಗಿಲು ಬಡಿದು ಹೊರಟಳು.

ಗಂಟೆ ಎರಡಾಗಿತ್ತು. ಮೇಸ್ತ್ರಿ ಟಾರ್ಕಿಲ್, ಮುಂದಿನ ವರ್ಷ ನೋಡೋಣ ಕಣಮ್ಮ ಎಂದ. ಅವಳು ಉತ್ತರವಾಗಿ ಮೊದಲ ಪಟ್ಟಿಗೆ ಸುತ್ತಿಗೆ ಬೀಸಿದಳು. ಅಷ್ಟು ಚೆಂದದ ಪೀಪಾಯಿ ಹೂವಿನಂತೆ ಬಿಚ್ಚಿಕೊಂಡು ನೆಲಕ್ಕೆ ಒರಗಿತು. ಹೊಸ ಹಲಗೆ ಹುಡುಕಿದಳು, ಕೆತ್ತಿದಳು, ಬೆಂಕಿಯ ಮೇಲೆ ಬಗ್ಗಿಸಿದಳು, ಮುಚ್ಚಳವನ್ನು ಮತ್ತೆ ಕೊಯ್ದಳು. ಒಂದೊಂದು ಏಟಿಗೂ ಫಿನ್ಲೇಯನ್ನು ಬೈದಳು. ಬೈಗುಳ ಮುಗಿದಾಗ ಪೀಪಾಯಿ ನಿಂತಿತ್ತು.

ಐದಕ್ಕೆ ಏಳು ನಿಮಿಷವಿದ್ದಾಗ ಫಿನ್ಲೇ ಬಂದ. ಎಲ್ಲರೂ ನೋಡುತ್ತಿರಲು ಮೂರು ಸಲ ಅಳೆದ. ಇನ್ನೂರೈವತ್ತೊಂದು. 'ಹಾಗ್ಸ್‌ಹೆಡ್' ಎಂದು ಬರೆದು ಚೀಟಿಯನ್ನು ಮೇಸ್ತ್ರಿಯ ಕೈಗಿತ್ತ. ಟಾರ್ಕಿಲ್ ಓದಿ, ಟೋಪಿ ತೆಗೆದ.

ಜನ ಕರಗಿದ ಮೇಲೂ ಫಿನ್ಲೇ ಅಲ್ಲೇ ನಿಂತಿದ್ದ.

"ಭಾನುವಾರ ಹೊಳೆ ದಡಕ್ಕೆ ಬಾ," ಎಂದಳು ಇಶ್ಬೆಲ್, ಕೈಯ ಮಸಿ ಒರೆಸಿಕೊಳ್ಳುತ್ತ. "ಸಿಟ್ಟು ಇಳಿದಿದೆ ಅಂದ್ಕೋಬೇಡ. ಅದನ್ನ ಪೂರ್ತಿ ಕೇಳಿಸ್ಕೊಳ್ಳೋಕೆ ಟೈಮ್ ಇಟ್ಕೊಂಡು ಬಾ."

"ಎಷ್ಟು ಹೊತ್ತು ಬೇಕಾಗ್ಬಹುದು?"

"ಇದಕ್ಕೆ ತುಂಬೋ ವಿಸ್ಕಿ ಹಣ್ಣಾಗೋವರೆಗೆ."

ಫಿನ್ಲೇ ಅಳತೆಗಾರನ ಗಾಂಭೀರ್ಯದಲ್ಲೇ ಯೋಚಿಸಿದ. "ಕನಿಷ್ಠ ಹನ್ನೆರಡು ವರ್ಷ."

"ಹಾಗಾದ್ರೆ ಬುತ್ತಿ ಕಟ್ಕೊಂಡು ಬಾ," ಎಂದಳು. ಆ ದಿನ ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟಳು.