ಡಾಕ್ಟರಸಾಹೇಬರಿಗೊಂದು ಕುರ್ಚಿ

ಹತ್ತಿಮತ್ತೂರಿನ ದ್ಯಾಮಪ್ಪನ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಮನುಷ್ಯರು ಕೂತದ್ದು ಕಡಿಮೆ. ಒಣ ಮೆಣಸಿನಕಾಯಿ ಚೀಲಕ್ಕೇ ಆ ಮರ್ಯಾದೆ ಸಲ್ಲುತ್ತಿತ್ತು. ಆ ದಿನ ಚೀಲವನ್ನು ಕೆಳಗಿಳಿಸಿ, ಕುರ್ಚಿಯನ್ನು ಧೋತರದ ಚುಂಗಿನಿಂದ ಒರೆಸಿ, ಪಡಸಾಲೆಯ ನಟ್ಟನಡುವೆ ಇಟ್ಟರು. ಮಲ್ಲೇಶಪ್ಪ ಅದರ ಮೇಲೆ ಕೂತ. ಕೂತದ್ದು ಒಂದು ಕ್ಷಣದಲ್ಲಿ. ಇಳಿಯಲು ಮಾತ್ರ ಬಹಳ ದಿನ ಹಿಡಿಯಿತು.

ಆದದ್ದು ಇಷ್ಟೇ. ಮುಂಬಯಿಯಲ್ಲಿ ಡಾಕ್ಟರಿಕೆ ಕಲಿತು ಬಂದ ಮಲ್ಲೇಶಪ್ಪ ಹಾನಗಲ್ಲಿನಲ್ಲಿ ದವಾಖಾನೆ ತೆರೆದಿದ್ದ. ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ದ್ಯಾಮಪ್ಪನ ಮಗಳು ಸರೋಜವ್ವನನ್ನು ಕೇಳಿ, ಎರಡೂ ಕಡೆ ಒಪ್ಪಿಗೆಯಾಗಿ, ವೀಳ್ಯ ಬದಲಿಸುವ ಶಾಸ್ತ್ರಕ್ಕೆಂದು ಅಪ್ಪ ಕರಿಬಸಪ್ಪನ ಜೊತೆ ಅಂದು ಬಂದಿದ್ದ. ಜಮಖಾನದ ಮೇಲೆ ಶಿಗ್ಗಾವಿಯ ಪರಮೇಶ್ವರಪ್ಪ ವಕೀಲರೂ ಇದ್ದರು. ‘ವಕೀಲಸಾಹೇಬ್ರ, ಎಲಿ ಹಾಕ್ಕೋರಿ’, ‘ವಕೀಲಸಾಹೇಬ್ರ, ಲೋಡಿಗೆ ಆತುಕೋರಿ’ ಎಂದು ಮನೆಯೆಲ್ಲ ಅವರ ಸುತ್ತ ಗಿರಕಿ ಹೊಡೆಯುತ್ತಿತ್ತು.

ದ್ಯಾಮಪ್ಪ ಮಲ್ಲೇಶಪ್ಪನ ಕಡೆ ತಿರುಗಿ, ತನ್ನ ಮಗ್ಗುಲಿನ ಜಾಗವನ್ನು ಅಂಗೈಯಿಂದ ಬಡಿದ. “ಬಾರೋ ಮಲ್ಲೇಶಿ, ಇಲ್ಲೆ ನನ್ನ ಬಾಜೂಕ ಕುಂಡ್ರು ಬಾ.”

ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ಸರೋಜವ್ವ ಅಲ್ಲೇ ಇದ್ದಾಳೆ, ಕೇಳುತ್ತಿದ್ದಾಳೆ. ಮಲ್ಲೇಶಪ್ಪನ ನಾಲಗೆಗೆ ಆ ಕ್ಷಣ ಯಾವ ಗ್ರಹ ಬಡಿಯಿತೋ.

“ಮಾವಾರ, ನಾಕ ಮಂದಿ ಮುಂದ ಡಾಕ್ಟರ್ ಮಲ್ಲೇಶಪ್ಪ ಅನ್ರಿ. ಅದು ಪದ್ಧತಿ.”

ಎಲೆ ಅಗಿಯುವ ಬಾಯಿಗಳು ನಿಂತವು. ಕರಿಬಸಪ್ಪ ಜಮಖಾನದ ಹೂವಿನ ಮೇಲೆ ಬೆರಳಾಡಿಸುತ್ತ, ಅದರಲ್ಲೇ ಹೂತುಹೋಗುವವನಂತೆ ತಲೆ ತಗ್ಗಿಸಿದ. ದ್ಯಾಮಪ್ಪ ಮಾತ್ರ ನಿಧಾನವಾಗಿ ಎದ್ದು ನಿಂತು, ರುಮಾಲು ಸರಿಮಾಡಿಕೊಂಡ.

“ತಪ್ಪಾತ್ರಿ, ಡಾಕ್ಟರಸಾಹೇಬ್ರ. ನಾವು ಹೊಲಮನಿ ಮಂದಿ, ತಿಳೀಲಿಲ್ಲ. ಏ, ಯಾರದು, ಕುರ್ಚಿ ತರ್ರೋ!”

ಹೀಗೆ ಬಂತು ಕುರ್ಚಿ. ಮರಕ್ಕಿಳಿದಿದ್ದ ಮೆಣಸಿನಕಾಯಿ ಘಾಟಿಗೆ ಅವನ ಕಣ್ಣು ತುಂಬಿತು. ಘಾಟಿಗೇ ಎಂದು ಅವನೇ ತನಗೆ ಹೇಳಿಕೊಂಡ. ಎಲ್ಲರೂ ಕೆಳಗೆ, ಅವನೊಬ್ಬನೇ ಮೇಲೆ. ಮನೆಯ ಹಿರಿಯಜ್ಜಿ ಹುಚ್ಚವ್ವ ಕೋಲೂರಿಕೊಂಡು ಬಂದು ಅವನೆದುರು ನಾಲಗೆ ಚಾಚಿ ನಿಂತಳು. “ನೋಡ್ರಿ ಸಾಹೇಬ್ರ, ಬೆಳ್ಳಗ ಆಗೇತೇನು?” ಹಿಂದೆ ಇನ್ನಿಬ್ಬರು ಮುಂಗೈ ಚಾಚಿ ಸಾಲು ಹಚ್ಚಿದರು. ನಿಶ್ಚಯಕ್ಕೆ ಬಂದವನು ನಾಡಿ ಹಿಡಿಯುತ್ತ ಕೂತ.

ಅಷ್ಟರಲ್ಲಿ ಸರೋಜವ್ವ ಚಹಾ ತಂದಳು. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಊರಿನಲ್ಲಿ ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ಆಡಿ ತೋರಿಸುವವಳು ಎಂದು ಹೆಸರಾಗಿದ್ದಳು. ಕಪ್ಪು ಮುಂದೆ ಹಿಡಿದು, ಹುಬ್ಬು ಕೂಡಿಸಿ, ಮುಂಬಯಿ ನೀರು ಕುಡಿದ ಗಂಟಲಿನಲ್ಲಿ, ಥೇಟ್ ಅವನದೇ ಠೀವಿಯಲ್ಲಿ ಕೇಳಿದಳು:

“ಡಾಕ್ಟರ್ ಮಲ್ಲೇಶಪ್ಪನವ್ರ, ಸಕ್ರಿ ಹೊತ್ತಿಗೆ ಎಷ್ಟು ಚಮಚಾ? ಊಟಕ್ಕ ಮೊದಲೋ, ಊಟಾದ ಮ್ಯಾಲೋ? ಬಾಟ್ಲಿ ಅಲುಗಾಡಿಸಿ ಕೊಡ್ಲೇನ್ರಿ?”

ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ವಕೀಲರ ಬಾಯಿಯ ಎಲೆ ಅವರ ಕೋಟಿನ ಮೇಲೆ ಬಿತ್ತು. ಸರೋಜವ್ವನ ಕಣ್ಣಿನ ತುಂಟತನ ಅವನ ಮುಖದ ಮೇಲೆ ಒಂದು ಗಳಿಗೆ ಆಡಿ, ಏನನ್ನೋ ಕಂಡು, ಥಟ್ಟನೆ ಆರಿತು. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು.

ನಗೆ ತಣ್ಣಗಾದ ಮೇಲೆ ದ್ಯಾಮಪ್ಪ ಕರಿಬಸಪ್ಪನಿಗೆ ಕೈ ಮುಗಿದ. “ವೀಳ್ಯೇ ಬ್ಯಾಡ ಬಿಡ್ರಿ. ಬೀಗರಿಗೆ ಹೆಣ್ಣು ಕೊಡತಾರ. ಡಾಕ್ಟರಸಾಹೇಬ್ರಿಗೆ ಫೀ ಕೊಡತಾರ.”

ಹಿಂತಿರುಗುವಾಗ ಚಕ್ಕಡಿಯಲ್ಲಿ ಅಪ್ಪ ಮಗ ಎದುರುಬದುರು ಕೂತಿದ್ದರು. ಯಲವಿಗಿ ದಾರಿಯ ತಿರುವಿನಲ್ಲಿ ಕರಿಬಸಪ್ಪ ಕಾಲು ಚಾಚಲು ಹೋಗಿ, ಮಗನ ಬೂಟು ಕಂಡು ಹಿಂದೆಗೆದುಕೊಂಡ.

“ಡಾಕ್ಟರ, ಸ್ವಲ್ಪ ಸರೀತೀರೇನ್ರಿ?”

ಅದರಲ್ಲಿ ಚೇಷ್ಟೆ ಇರಲಿಲ್ಲ. ಹೆತ್ತಪ್ಪ ನಿಜವಾಗಿಯೂ ಹೆದರಿದ್ದ. ಮಲ್ಲೇಶಪ್ಪ ಸರಿದ. ಸರಿದು ಸರಿದು ಚಕ್ಕಡಿಯಿಂದ ಬೀಳುವಷ್ಟು ಸರಿದ. ಅಪ್ಪನ ಪಾದ ಹಿಡಿದು ಎಳೆದು ತನ್ನ ತೊಡೆಯ ಮೇಲಿಟ್ಟುಕೊಳ್ಳಬೇಕೆನಿಸಿತು, ಕೈ ಏಳಲಿಲ್ಲ.

ಹಾನಗಲ್ಲಿನಲ್ಲಿ ‘ಡಾಕ್ಟರ್ರ’ ಎಂದು ಯಾರು ಕರೆದರೂ ಕಿವಿ ಬಿಸಿಯಾಗುತ್ತಿತ್ತು. ಸಂತೆಯ ದಿನ ಕೆಮ್ಮಿನ ಔಷಧ ಕೊಟ್ಟು, ಊಟಾದ ಮೇಲೆ ಎಂದು ಹೇಳಹೊರಟರೆ, ಸರೋಜವ್ವನ ಬಾಯಲ್ಲಿ ತನ್ನ ದನಿ ಕೇಳಿದಂತಾಗಿ ತಡವರಿಸುತ್ತಿದ್ದ. ರಾತ್ರಿ ತಲೆದಿಂಬು ಕೂಡ ನಕ್ಕಂತಾಗುತ್ತಿತ್ತು. ಕಡೆಗೆ ಒಂದು ಮುಂಜಾನೆ ಬಾಗಿಲಿಗೆ ಕೀಲಿ ಜಡಿದು ಹತ್ತಿಮತ್ತೂರಿಗೆ ಹೊರಟ.

ದ್ಯಾಮಪ್ಪ ಕಣದಲ್ಲಿ ಜೋಳ ತೂರುತ್ತಿದ್ದ. ಇವನನ್ನು ಕಂಡದ್ದೇ ಮೊರ ಕೆಳಗಿಟ್ಟು ನೆಟ್ಟಗೆ ನಿಂತ.

“ಬರ್ರಿ ಡಾಕ್ಟರಸಾಹೇಬ್ರ. ಯಾರಿಗೆ ಆರಾಮಿಲ್ಲ?”

“ನನಗ್ರಿ.”

“ಏನಾಗೇತಿ?”

“ನಾಚಿಕಿ ಆಗೇತ್ರಿ ಮಾವಾರ. ಊಟ ಸೇರವಲ್ದು. ಅವತ್ತು ನಾ ಅಂದದ್ದು ತಪ್ಪು. ನನ್ನ ಹೆಸರು ಹಿಡಿದು ಕರೀರಿ.”

ದ್ಯಾಮಪ್ಪ ಹೊಟ್ಟು ಹಾರುವ ದಿಕ್ಕು ನೋಡಿದ. “ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು. ನಮ್ಮ ಬಾಯಿಗೆ ಈಗ ಅದ ರೂಢಿ ಆಗೇತ್ರಿ.” ಎತ್ತುಗಳಿಗೆ ನೀರು ಕುಡಿಸುವ ನೆಪ ಮಾಡಿ ಬಾವಿಯ ಕಡೆ ನಡೆದ.

ಕಾಲುದಾರಿಯಲ್ಲಿ ಬುತ್ತಿ ಹೊತ್ತು ಸರೋಜವ್ವ ಬರುತ್ತಿದ್ದಳು. ಇವನನ್ನು ನೋಡಿ ಎಡವಿದಳು. ಬುಟ್ಟಿ ಇಳಿಸಿ ಬೇವಿನ ನೆರಳಿನಲ್ಲಿ ನಿಂತಳು. ನಡುವೆ ಒಂದು ರಾಶಿ ಜೋಳ.

“ಇನ್ನೊಮ್ಮೆ ನನ್ನಂಗ ಮಾತಾಡಿ ತೋರಸ್ತೀಯೇನು?” ಎಂದ.

ಅವಳು ಇಲ್ಲವೆಂದು ತಲೆಯಾಡಿಸಿದಳು. “ನಾ ನಿಮ್ಮನ್ನ ನಗಸ್ತೇನಿ ಅಂದುಕೊಂಡೆ. ಮಂದಿ ನಕ್ರು. ನಿಮ್ಮ ಮಾರಿ ನೋಡಿ, ಒಳಗ ಹೋಗಿ ಒಲಿ ಮುಂದ ಕುಂತು ಅತ್ತೆ. ನಾ ಸುಮ್ಮನಿದ್ದರ ಅಪ್ಪ ಅದನ್ನ ನುಂಗತಿದ್ದ. ಎಲ್ಲಾರೂ ನಕ್ಕ ಮ್ಯಾಲೆ ಅವನಿಗೂ ಹಿಂದ ಸರಿಯಾಕ ದಾರಿ ಉಳೀಲಿಲ್ಲ. ತಪ್ಪು ನಿಮ್ಮದು ಒಂದ ಅಲ್ಲ.” ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿ, “ಆದರ ಅದೇನು ಅಷ್ಟು ಹಟ ಆ ಡಾಕ್ಟರ್ ಅನ್ನೂದರ ಮ್ಯಾಲೆ?” ಎಂದಳು.

ಅವನು ಒಂದು ಹಿಡಿ ಜೋಳ ಎತ್ತಿ ಮತ್ತೆ ರಾಶಿಗೇ ಸುರಿದ.

“ಯಲವಿಗಿ ಟೇಶನ್ನಾಗ ನಿನ್ನ ಕಣ್ಣಾಗ ಇಂಜಿನ್ನಿನ ಇದ್ದಲಿ ಕಸ ಬಿದ್ದಿತ್ತು. ನೆನಪೈತಿ? ಜೋಡಿ ಇದ್ದ ನಿಮ್ಮ ಸೋದರತ್ತಿ ನನ್ನ ಹತ್ರ ಬಿಡಲಿಲ್ಲ. ‘ನಾ ಡಾಕ್ಟರ್ ಅದೇನಿ’ ಅಂದ ಮ್ಯಾಲೇ ನಿನ್ನ ಮಾರಿ ಮುಟ್ಟಾಕ ಬಿಟ್ಟಳು. ಆ ಒಂದು ಶಬ್ದ ಇಲ್ಲಂದ್ರ ನನಗ ನಿನ್ನ ನೋಡೂ ಹಕ್ಕೂ ಇಲ್ಲ ಅನಸ್ತು. ನೀ ಒಪ್ಪಿದ್ದೂ ಅದನ್ನ ನೋಡಿ ಅಂತ ತಿಳಕೊಂಡೆ. ಅವತ್ತು ಬಾಗಲ ಹಿಂದ ನಿನ್ನ ಕೈಬಳಿ ಸಪ್ಪಳಾತು. ಬರೇ ಮಲ್ಲೇಶಿ ಅಂದದ್ದು ನಿನ್ನ ಕಿವಿಗೆ ಬಿದ್ರ...”

ಸರೋಜವ್ವ ಮೆಲ್ಲಗೆ ಮುಖ ಎತ್ತಿದಳು. ರೆಪ್ಪೆಯ ನೆರಳು ಕೆನ್ನೆಯಿಂದ ಸರಿಯಿತು.

“ಕಸ ಬಿದ್ದದ್ದು ಎಡಗಣ್ಣಾಗ.”

“ಹೂಂ.”

“ಅದನ್ನ ತಗದ ಮ್ಯಾಲೆ ಬಲಗಣ್ಣೂ ನೋಡಿದ್ರಿ. ಗಾಡಿ ಸೀಟಿ ಹೊಡೆದ್ರೂ ನೋಡಾಕತ್ತಿದ್ರಿ. ಅದು ಯಾವ ಪುಸ್ತಕದಾಗ ಬರದೇತ್ರಿ?”

ಅವನ ಕಿವಿ ಕೆಂಪಾಯಿತು. ಅವಳ ತುಟಿಯ ತುದಿ ನಡುಗಿತು. ನಗೆಯೋ ಅಳುವೋ ಅವಳಿಗೂ ತಿಳಿಯಲಿಲ್ಲ.

“ನಾ ಒಪ್ಪಿದ್ದು ಆ ಬಲಗಣ್ಣು ನೋಡಿದವಗ,” ಎಂದಳು. “ಅವ ಡಾಕ್ಟರ್ ಅಲ್ಲ. ಅವಗ ಆಗ ತನ್ನ ಗಾಡಿ ಯಾವದು ಅಂತನೂ ಗೊತ್ತಿರಲಿಲ್ಲ.”

ದ್ಯಾಮಪ್ಪ ಎತ್ತು ಹೊಡೆದುಕೊಂಡು ಬಂದಾಗ ಮಲ್ಲೇಶಪ್ಪ ಕೋಟು ಕಳಚಿ ಬೇವಿನ ಟೊಂಗೆಗೆ ಸಿಕ್ಕಿಸಿದ್ದ. ಹೊಟ್ಟಿನಲ್ಲೇ ಕಾಲು ಮಡಚಿ ಕೂತಿದ್ದ.

“ಎದ್ದೇಳ್ರಿ ಸಾಹೇಬ್ರ, ಬಟ್ಟಿಗೆ ಹೊಟ್ಟು ಹತ್ತತೇತಿ. ಕಂಬಳಿ ಹಾಸತೇನಿ.”

“ಬ್ಯಾಡ್ರಿ. ಹಸಿವ್ಯಾಗೇತಿ. ನಿಮ್ಮ ಬುತ್ತಿಯಾಗ ಒಂದು ರೊಟ್ಟಿ ಕೊಡ್ರಿ.”

ಕರೆಯದೆ ಬಂದು, ಕಣದಲ್ಲಿ ಕೂತು, ಬಾಯಿಬಿಟ್ಟು ರೊಟ್ಟಿ ಕೇಳುವುದು ಮನೆಯವರಿಗೆ ಮಾತ್ರ ಇರುವ ಸಲಿಗೆ. ದ್ಯಾಮಪ್ಪ ಅವನನ್ನೇ ನೋಡಿದ. ರೊಟ್ಟಿ ಮುರಿದು ಅವನ ಅಂಗೈಗೆ ಹಾಕಿ, ಮೇಲೆ ಗುರೆಳ್ಳು ಹಿಂಡಿಯ ಖಾರದ ಪುಡಿ ಸುರಿದ. ಇಬ್ಬರೂ ಉಂಡರು. ಹಿಂಡಿಯ ಖಾರಕ್ಕೆ ಮಲ್ಲೇಶಪ್ಪನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ನೀರು ಕುಡಿ,” ದ್ಯಾಮಪ್ಪ ತಂಬಿಗೆ ಮುಂದೆ ತಳ್ಳಿದ. “ಸೋಮವಾರ ನಿಮ್ಮಪ್ಪನ್ನ ಕರಕೊಂಡು ಬಾ.”

ಬೇಸಿಗೆಯಲ್ಲಿ ಮದುವೆಯಾಯಿತು. ಹಿರೇಕೆರೂರಿನಲ್ಲಿ ಕರಿಬಸಪ್ಪನ ಮನೆಯ ಹೊಸ್ತಿಲ ಬಳಿ ಹೆಂಗಸರು ಬಾಗಿಲು ಕಟ್ಟಿ ನಿಂತರು. ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳದೆ ಸೊಸೆ ಒಳಗೆ ಬರುವಂತಿಲ್ಲ. ಹೇಳುವುದೂ ಅದೊಂದೇ ಸಲ. ಆಮೇಲೆ ಗಂಡನ ಹೆಸರು ಎತ್ತುವ ಹಾಗಿಲ್ಲ.

“ಡಾಕ್ಟರ್ ಅನ್ನೂದು ಬಿಟ್ಟೀಯವ್ವಾ, ಸಿಟ್ಟಾದಾರು!” ಎಂದು ಯಾರೋ ಕೂಗಿದರು. ಆ ಕಥೆ ಇವನಿಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ನಗೆಯೆದ್ದಿತು. ಬಾಸಿಂಗದ ಕೆಳಗೆ ಮಲ್ಲೇಶಪ್ಪನ ಮುಖ ಮತ್ತೆ ಕುದಿಯಿತು.

ಸರೋಜವ್ವ ನಗುವವರ ಕಡೆ ನೋಡಲಿಲ್ಲ. ಯಾರ ದನಿಯನ್ನೂ ಆಡದೆ, ತನ್ನದೇ ದನಿಯಲ್ಲಿ ಹೇಳಿದಳು:

“ಕಣದಾಗ ತೂರಿದರ ಹೊಟ್ಟು ಹಾರೇತಿ, ಕಾಳು ಉಳದೇತಿ ನೆಲದಾಗ,
ಮಲ್ಲೇಶಪ್ಪನ ಹೆಸರ ಉಳದೇತಿ ನೋಡ್ರವ್ವಾ, ನನ್ನ ಎದಿಯಾಗ.”

“ಈಗ ನೀ ಹೇಳೋ ತಮ್ಮಾ!” ಹೆಂಗಸರು ಅವನ ಕಡೆ ತಿರುಗಿದರು. “ಕಾಲೇಜ ಕಲತಾವ, ಭಾರಿ ಒಡಪ ಕಟ್ಟತಾನ, ಸುಮ್ಮನಿರ್ರಿ!”

ಅವನು ಬಾಯಿ ತೆರೆದ. ಹೊಲ ನೆನೆದ, ಹೂ ನೆನೆದ, ಮುಂಬಯಿಯ ಸಮುದ್ರ ನೆನೆದ. ಯಾವುದೂ ಅವಳ ಹೆಸರಿನ ಮುಂದೆ ನಿಲ್ಲಲು ಒಪ್ಪಲಿಲ್ಲ.

“ಸರೋಜಾ,” ಎಂದ. ಅಷ್ಟೇ.

“ಒಡಪ ಎಲ್ಲಿ? ಮುಂದೇನೂ ಹಚ್ಚೂದಿಲ್ಲೇನು?”

“ಇಲ್ರೀ,” ಎಂದು ಮಲ್ಲೇಶಪ್ಪ ತಲೆ ತಗ್ಗಿಸಿದ. ಅವನ ಕಿರುಬೆರಳನ್ನು, ಸೆರಗಿನ ಮರೆಯಲ್ಲಿ, ಒಂದು ಕೈ ಬಿಗಿಯಾಗಿ ಹಿಡಿದಿತ್ತು.