ಪದಗಾವಲು ಕೇಳಿದ ಹೆಸರು

ಗದಗಿನ ಪರೀಕ್ಷಾ ಕೇಂದ್ರದಲ್ಲಿ ‘ಪದಗಾವಲು’ ಯಂತ್ರ ಬೆಳಗಿನಿಂದ ಹಸಿರು, ಕೆಂಪು ದೀಪ ಮಿನುಗಿಸುತ್ತ ಕುಳಿತಿತ್ತು. “ದಿಸ್ ಪೈಪ್” ಎಂದರೆ ಹಸಿರು. ಬರಿಯ “ದಿಸ್” ಎಂದರೆ ಕೆಂಪು, ಜೊತೆಗೆ “ಯಾವುದು?” ಎಂಬ ಪ್ರಶ್ನೆ. ಉತ್ತರದಲ್ಲಿ ಹೆಸರು ಬರುವ ತನಕ ಅದು ಜಪ್ಪಯ್ಯ ಎಂದರೂ ಮುಂದೆ ಹೋಗುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ನಾಮಪದದ ಮುಂದೆ ನಿಂತು ಅದನ್ನು ಗುರುತಿಸುವ ಪದ ನಿರ್ದೇಶಕ. ನಾಮಪದವನ್ನೇ ಎಬ್ಬಿಸಿ ಅದರ ಜಾಗದಲ್ಲಿ ತಾನು ಕೂರುವುದು ಸರ್ವನಾಮ. ಒಂದೇ “ದಟ್” ಎರಡೂ ವೇಷ ಹಾಕಬಲ್ಲದು. ಭೂಮಿಯ ಮೇಲೆ ಇದನ್ನು ತಪ್ಪಿದರೆ ಹೋಗುವುದು ಎರಡು ಅಂಕ. ಆದರೆ ಚಂದ್ರನ ಗಣಿಯಲ್ಲಿ ಮೇಸ್ತ್ರಿಯೊಬ್ಬ “ಕ್ಲೋಸ್ ದಟ್” ಎಂದಾಗ ನಾಲ್ವರು ನಾಲ್ಕು ಬೇರೆ ಬೇರೆ ಕವಾಟ ಮುಚ್ಚಿ, ಅರ್ಧ ವಸತಿಗೆ ಗಾಳಿಯೇ ನಿಂತುಹೋಗಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಂದಿನಿಂದ ಪದಗಾವಲಿನಲ್ಲಿ ಪಾಸಾಗದವರಿಗೆ ಚಂದ್ರನ ಪರವಾನಗಿ ಇಲ್ಲ, ಅವರು ಎಂಜಿನಿಯರರಾಗಲಿ, ಎಂಜಿನಿಯರರ ಅತ್ತೆಯಾಗಲಿ.

ನೀಲಗಂಗವ್ವನಿಗೆ ಇದು ಮೂರನೆಯ ಮತ್ತು ಕೊನೆಯ ಅವಕಾಶ. ಗಂಡ ಚಂದ್ರನಲ್ಲಿ ಬೆಸುಗೆ ಕೆಲಸಕ್ಕೆ ಹೋಗಿ ಮೂರು ವರ್ಷವಾಗಿತ್ತು, ಕರಾರಿನಲ್ಲಿ ಇನ್ನೂ ಐದು ಬಾಕಿ. ಈ ಸಲ ತಪ್ಪಿದರೆ ಆ ಐದನ್ನೂ ಒಬ್ಬಳೇ ಕಳೆಯಬೇಕು. ಆಕೆ ಅಂಜಿಕೊಂಡೇ ಕುಳಿತಳು. ಆದರೂ ನಲವತ್ತು ಪ್ರಶ್ನೆಗೆ ನಲವತ್ತೂ ಹಸಿರು ಬಂತು. ಉಳಿದದ್ದು ಒಂದೇ: ಯಾರನ್ನು ಕಾಣಲು ಹೋಗುತ್ತೀರಿ?

“ಐ ಗೋ ಟು ಸೀ ಹಿಮ್.”

ಕೆಂಪು. “ಹಿಮ್ ಯಾರು?”

“ಮೈ ಹಸ್ಬೆಂಡ್.”

“ಚಂದ್ರನಲ್ಲಿ ನಾನೂರು ಗಂಡಂದಿರಿದ್ದಾರೆ. ಹೆಸರು?”

ನೀಲಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದಿನ ಎರಡು ಸಲವೂ ಆಕೆ ಮುಗ್ಗರಿಸಿದ್ದು ಇಲ್ಲಿಯೇ.

ಯಂತ್ರವನ್ನು ಕಟ್ಟಿದ ಡಾ. ಮುರಾರಿ ಶೆಣೈ ಅಂದು ತಪಾಸಣೆಗೆ ಬಂದಿದ್ದರು. ಕರಾವಳಿಯವರು, ಅವಸರದ ಮನುಷ್ಯ. “ಹೆಸರು ಗೊತ್ತಿಲ್ವಾ ಅಮ್ಮ ನಿಮ್ಗೆ?” ಎಂದರು.

“ಗೊತ್ತೈತ್ರಿ. ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಕ್ಕೈತಿ ಅಂತಾರ. ಅಲ್ಲಿ ಗಾಳಿ ಸುದ್ದಾ ಇಲ್ಲ. ಅಂಥಾದ್ರಾಗ ನಾ ಅವರ ಜೀವದ ಕೂಡ ಆಟ ಆಡ್ಲೇನ್ರಿ?”

ವಿಜ್ಞಾನ ಚಂದ್ರನನ್ನು ಮುಟ್ಟಿತ್ತು, ಈ ನಂಬಿಕೆ ಗದಗ ಬಿಟ್ಟು ಕದಲಿರಲಿಲ್ಲ. ಬರೆದು ಕೊಡಬಹುದಿತ್ತು. ಆದರೆ ಗಾಳಿಯುಡುಪಿನಲ್ಲಿ ಧ್ವನಿಯೊಂದೇ ಗತಿ ಎಂದು ಶೆಣೈಯವರೇ ಯಂತ್ರಕ್ಕೆ ಕಿವಿ ಮಾತ್ರ ಕೊಟ್ಟಿದ್ದರು. “ಬೇರೆ ದಾರಿಯೇ ಇಲ್ವಾ?” ಎಂದು ತಲೆ ಕೆರೆದುಕೊಂಡರು.

“ಒಡಪು ಕಟ್ಟಿ, ಪ್ರಾಸದ ಪದದಾಗ ಹೆಸರು ಸೇರಿಸಿ ಹೇಳಿದ್ರ ದೋಷ ಇಲ್ರಿ. ಮದುವಿ ದಿನ ಹಂಗ ಹೇಳಿದ್ದೆ. ಆದ್ರ ಇಂಗ್ಲೀಷಿನಾಗ ಒಡಪು ಎಲ್ಲಿ ಬರ್ತೈತಿ?”

“ಹೆಸರನ್ನು ಯಾವ ಭಾಷೆಯಲ್ಲಾದ್ರೂ ಹೇಳ್ಬಹುದು. ಹೇಳಿಬಿಡಿ ಮಾರಾಯ್ರೆ!”

ನೀಲಗಂಗವ್ವ ತಲೆತುಂಬ ಸೆರಗು ಹೊದ್ದು, ಹೊಸ ಮದುವಣಗಿತ್ತಿಯ ಹಾಗೆ ನೆಲ ನೋಡುತ್ತ ಹೇಳಿದಳು:

“ಎಣಗಾಯಿ ಮಾಡಿ ಗುರೆಳ್ಳ ಪುಡಿ ಹಾಕೀನಿ,
ಅಂದಾನೆಪ್ಪನವರು ಬರವಲ್ಲರು, ನಾನ ಹೊಂಟೀನಿ.”

ಯಂತ್ರ ಎಂದೂ ಇಲ್ಲದಷ್ಟು ಹೊತ್ತು ಯೋಚಿಸಿತು. ಆಮೇಲೆ ಹಸಿರು ಬಂತು. ಬಾಗಿಲಲ್ಲಿದ್ದ ಕಾವಲುಗಾರ ಚಪ್ಪಾಳೆ ತಟ್ಟಿದ.

ಆದರೆ ಪದಗಾವಲು ಕಲಿಯುವ ಯಂತ್ರ. ಅದು ಒಂದು ಕಡೆ ಕಲಿತದ್ದನ್ನು ಎಲ್ಲ ಕಡೆಯ ಯಂತ್ರಗಳೂ, ಚಂದ್ರನಲ್ಲಿ ಕೆಲಸಗಾರರ ಪ್ರತಿ ಮಾತನ್ನೂ ಕಾಯುವ ಯಂತ್ರಗಳೂ, ಕಲಿಯುತ್ತವೆ. ಮನುಷ್ಯರ ಹೆಸರು ಹೇಳುವ ಮುನ್ನ ಪ್ರಾಸ ಕಡ್ಡಾಯ ಎಂದು ಅದು ತೀರ್ಮಾನಿಸಿಬಿಟ್ಟಿತು. ಗಂಟೆಯೊಳಗೆ ಚಂದ್ರನಿಂದ ದೂರುಗಳ ಸುರಿಮಳೆ. ಫಿನ್ಲೆಂಡಿನ ಎಂಜಿನಿಯರನೊಬ್ಬ ಸಹಾಯಕನನ್ನು ಕರೆಯಲು ಮೀನು, ಹಿಮ ಎಂದು ಪ್ರಾಸ ಹುಡುಕುತ್ತ ನಿಂತಿದ್ದನಂತೆ. ಸರಿಪಡಿಸಲು ಶೆಣೈಯವರಿಗೆ ವಾರ ಬೇಕಿತ್ತು. ಪ್ರಯಾಣಿಕರ ಪಟ್ಟಿ ಮುಚ್ಚುವುದು ಅಂದೇ ಸಂಜೆ. ಅಷ್ಟರೊಳಗೆ ಬರುವವರ ಹೆಸರನ್ನು ಅಲ್ಲಿರುವ ಗಂಡನೂ ಹೇಳಿ ಒಪ್ಪಬೇಕಿತ್ತು.

ಪರದೆಯ ಮೇಲೆ ಅಂದಾನೆಪ್ಪ ಬಂದ. ಹಿಂದೆ ಕೆಲಸಗಾರರ ಉದ್ದನೆಯ ಸಾಲು.

“ಯಾರು ಬರುತ್ತಿದ್ದಾರೆ?” ಎಂದಿತು ಅಲ್ಲಿನ ಯಂತ್ರ.

“ನಮ್ಮಾಕಿ.”

ಕೆಂಪು.

“ನೀಲಗಂಗವ್ವ,” ಎಂದು ಒರಟಾಗಿ ಹೇಳಿದ. ಮತ್ತೆ ಕೆಂಪು. ಹಿಂದಿನ ಸಾಲಿನಿಂದ “ಒಡಪು! ಒಡಪು!” ಎಂದು ಹತ್ತು ದೇಶದ ಉಚ್ಚಾರದಲ್ಲಿ ಕೂಗು ಬಂತು. ಅಂದಾನೆಪ್ಪ ಕಬ್ಬಿಣ ಜೋಡಿಸಿದವನು, ಪದ ಜೋಡಿಸಿದವನಲ್ಲ. ಕಿವಿಯ ತನಕ ಕೆಂಪಾಗಿ, ಕೈಗವಸು ಹಿಚುಕುತ್ತ ತುಟಿಯಲ್ಲೇ ಪದ ಎಣಿಸತೊಡಗಿದ. ನೀಲಗಂಗವ್ವನಿಗೆ ಅವನನ್ನು ಕಂಡು ಅಯ್ಯೋ ಅನಿಸಿತು, ಇವರ ಕೈಲಿ ಆಗದ ಕೆಲಸ ಎಂದು ಕಣ್ಣು ತುಂಬಿಬಂತು. ಆಗ ಅವನು ಬಾಯಿ ತೆರೆದ:

“ನೀರಿಲ್ಲ, ಗಾಳಿಯಿಲ್ಲ, ಇಲ್ಲಿ ಹಗಲಿಗೂ ಮುಗಿಲು ಕರಿ,
ನೀಲಗಂಗವ್ವ ಬಂದ್ಲಂದ್ರ ಎಲ್ಲಾ ಸರಿ.”

ನೀಲಗಂಗವ್ವ ಮುಖ ಒರೆಸಿಕೊಂಡು ಶೆಣೈಯವರ ಕಡೆ ತಿರುಗಿದಳು. “ಇಪ್ಪತ್ತಾರು ವರ್ಷದಾಗ ‘ಏ, ಇಲ್ಲೆ ಬಾ’ ಅಂತ ಕರದಾರ ಹೊರತು ಹೆಸರು ಹಿಡದು ಕರದಿಲ್ಲರಿ. ಇನ್ನೊಮ್ಮೆ ಹೇಳಾಕ ಹೇಳ್ರಿ. ಯಂತ್ರಕ್ಕ ಕೇಳಿಸಿಲ್ಲ.”

ದೀಪ ಆಗಲೇ ಹಸಿರಾಗಿತ್ತು. ಶೆಣೈಯವರು ಅದಕ್ಕೆ ಬೆನ್ನು ಮಾಡಿ ಮೈಕು ಎತ್ತಿಕೊಂಡರು.

“ಹೌದು ಅಂದಾನೆಪ್ಪನವರೇ, ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ.”